ಸೂಜಿಮೊನೆಯ ಶಾಂತಿ

ಮನೋವೈದ್ಯಕೀಯ ಸಂಶೋಧನೆಯಲ್ಲಿ ಬಳಸುವ ಒಂದು ಪ್ರಶ್ನಾವಳಿ ಇದೆ. ಕೆಟಮಿನ್ ಡ್ರಿಪ್ ಹಾಕಿಸಿಕೊಂಡು ಮಲಗಿರುವ ಖಿನ್ನತೆಯ ರೋಗಿಯ ಪಕ್ಕದಲ್ಲಿ ಕುಳಿತವರು ಅದನ್ನು ಒಂದೊಂದಾಗಿ ಓದಿ ಉತ್ತರ ಗುರುತು ಮಾಡಿಕೊಳ್ಳುತ್ತಾರೆ. ಸುತ್ತಲಿನದು ಕನಸಿನ ಹಾಗೆ ಕಾಣುತ್ತಿದೆಯೆ, ಹೊತ್ತು ನಿಧಾನವಾಗಿ ಸರಿಯುತ್ತಿದೆಯೆ, ಮೈಯ ಆಕಾರ ಬದಲಾದಂತೆ ಅನ್ನಿಸುತ್ತಿದೆಯೆ, ಮೈಯಿಂದ ಹೊರಗೆ ನಿಂತು ನೋಡುತ್ತಿರುವ ಹಾಗಿದೆಯೆ ಎಂಬ ಬಗೆಯ ಪ್ರಶ್ನೆಗಳು. ಪ್ರತಿಯೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಒಟ್ಟು ಅಂಕ ಏರಿದಷ್ಟೂ ಔಷಧಿಯ ಅಡ್ಡಪರಿಣಾಮ ಹೆಚ್ಚಾಗಿದೆ ಎಂದು ದಾಖಲಾಗುತ್ತದೆ. ಇವೇ ಉತ್ತರಗಳನ್ನು ಒಬ್ಬ ಸಾಧಕ ತನ್ನ ಗುರುವಿನ ಮುಂದೆ ಹೇಳಿದ್ದರೆ ಅವುಗಳಿಗೆ ಸಿಗುತ್ತಿದ್ದ ಮರ್ಯಾದೆಯೇ ಬೇರೆ. ದೇಹಭಾವ ಸಡಿಲುವುದನ್ನು, ಕಾಲದ ಪರಿವೆ ಅಳಿಯುವುದನ್ನು, ತನ್ನನ್ನೇ ತಾನು ಸಾಕ್ಷಿಯಾಗಿ ನೋಡುವುದನ್ನು ಸಾಧನೆಯ ಮೆಟ್ಟಿಲುಗಳೆಂದು ಎಣಿಸಿದ ಪರಂಪರೆಗಳು ನಮ್ಮಲ್ಲಿ ಹಲವಾರಿವೆ. ವಾರ್ಡಿನಲ್ಲಿ ಅಡ್ಡಪರಿಣಾಮವಾದದ್ದು ಮಠದಲ್ಲಿ ಅನುಭಾವ ಆಗುವುದಾದರೆ, ಇವೆರಡೂ ಒಂದೇ ಏನು? ಒಂದೇ ಆದರೆ ಹನ್ನೆರಡು ವರ್ಷದ ತಪಸ್ಸಿಗೂ ನಲವತ್ತು ನಿಮಿಷದ ಡ್ರಿಪ್ಪಿಗೂ ವ್ಯತ್ಯಾಸ ಉಳಿಯುವುದು ಎಲ್ಲಿ? ಬೇರೆಯಾದರೆ, ಆ ಬೇರೆತನ ಇರುವುದು ಯಾವುದರಲ್ಲಿ?

ಕೆಟಮಿನ್ ಹುಟ್ಟಿದ್ದು ಇಂಥ ಪ್ರಶ್ನೆಗಳನ್ನು ಎಬ್ಬಿಸಲಿಕ್ಕಲ್ಲ. 1962ರಲ್ಲಿ ಅಮೆರಿಕದ ಪಾರ್ಕ್-ಡೇವಿಸ್ ಕಂಪನಿಗಾಗಿ ಕ್ಯಾಲ್ವಿನ್ ಸ್ಟೀವನ್ಸ್ ಎಂಬ ರಸಾಯನಶಾಸ್ತ್ರಜ್ಞ ಅದನ್ನು ತಯಾರಿಸಿದ್ದು ಅರಿವಳಿಕೆಯ ಮದ್ದಾಗಿ. 1964ರಲ್ಲಿ ಮಿಶಿಗನ್‌ನ ಜೈಲೊಂದರ ಕೈದಿಗಳ ಮೇಲೆ ಮೊದಲ ಪ್ರಯೋಗ ನಡೆಯಿತು. ನಡೆಸಿದವರು ಎಡ್ವರ್ಡ್ ಡೊಮಿನೊ ಮತ್ತು ಗುಂಟರ್ ಕಾರ್ಸನ್. 1970ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಸಿಕ್ಕಿತು, ವಿಯೆಟ್ನಾಂ ಯುದ್ಧಭೂಮಿಯಲ್ಲಿ ಗಾಯಾಳುಗಳಿಗೆ ಬಳಕೆಯಾಯಿತು. ಉಸಿರಾಟವನ್ನೂ ರಕ್ತದೊತ್ತಡವನ್ನೂ ಕುಸಿಯಲು ಬಿಡದ ಗುಣ ಇದಕ್ಕಿರುವುದರಿಂದ, ದೊಡ್ಡ ಸಲಕರಣೆಗಳಿಲ್ಲದ ಆಸ್ಪತ್ರೆಗಳಿಗೆ ಇವತ್ತಿಗೂ ಇದು ಆಪದ್ಬಾಂಧವ. ಕತೆ ತಿರುವು ಪಡೆದದ್ದು 2000ದಲ್ಲಿ. ಯೇಲ್ ವಿಶ್ವವಿದ್ಯಾಲಯದ ತಂಡ ಏಳು ಮಂದಿ ಖಿನ್ನತೆಯ ರೋಗಿಗಳಲ್ಲಿ, ದೇಹದ ತೂಕದ ಕಿಲೋಗೆ ಅರ್ಧ ಮಿಲಿಗ್ರಾಂ ಲೆಕ್ಕದಲ್ಲಿ ನಲವತ್ತು ನಿಮಿಷ ಕೆಟಮಿನ್ ಹನಿಸಿ ಫಲಿತಾಂಶ ಪ್ರಕಟಿಸಿತು. ಅರವತ್ತು ಕಿಲೋ ತೂಗುವವರಿಗೆ ಬರೀ ಮೂವತ್ತು ಮಿಲಿಗ್ರಾಂ. ಪ್ರಜ್ಞೆ ತಪ್ಪಿಸಲು ಬೇಕಾಗುವುದಕ್ಕಿಂತ ಎಷ್ಟೋ ಕಡಿಮೆ. 2006ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ, ಬೇರೆ ಔಷಧಿಗಳಿಗೆ ಬಗ್ಗದ 18 ರೋಗಿಗಳ ಅಧ್ಯಯನವನ್ನು ಹೊರತಂದಿತು. ಎರಡು ಗಂಟೆ ತುಂಬುವುದರೊಳಗೆ ಖಿನ್ನತೆ ಇಳಿಯತೊಡಗಿತ್ತು. ಒಂದು ದಿನದ ಹೊತ್ತಿಗೆ ಕೆಟಮಿನ್ ಪಡೆದವರಲ್ಲಿ ಶೇ. 71ರಷ್ಟು ಮಂದಿಗೆ ಗಣನೀಯ ಉಪಶಮನ ಸಿಕ್ಕಿತ್ತು. ವಾರ ಕಳೆದಾಗ ಆ ಉಪಶಮನ ಉಳಿದದ್ದು ಶೇ. 35ರಷ್ಟು ಮಂದಿಯಲ್ಲಿ ಮಾತ್ರ. ಮಾಮೂಲು ಖಿನ್ನತೆಯ ಮಾತ್ರೆಗಳು ಕೆಲಸ ಶುರುಮಾಡಲು ವಾರಗಟ್ಟಲೆ ಹಿಡಿಯುತ್ತವೆ ಎಂಬುದನ್ನು ನೆನೆದರೆ ಮೊದಲ ಅಂಕಿಯ ಬೆರಗು ತಿಳಿಯುತ್ತದೆ. ಎರಡನೆಯ ಅಂಕಿಯೂ ಅಷ್ಟೇ ಮುಖ್ಯ. ಈ ಚರ್ಚೆಯ ಅರ್ಧ ಭಾಗ ಅದರ ಮೇಲೆಯೇ ನಿಂತಿದೆ.

ಈ ಫಲಿತಾಂಶಗಳನ್ನು ಕಂಡು ಎರಡು ತೆರನ ಅವಸರದ ತೀರ್ಪುಗಳು ಹುಟ್ಟಿಕೊಂಡಿವೆ. ಮೊದಲನೆಯವರು ಹೇಳುವುದು: ಮೂವತ್ತು ಮಿಲಿಗ್ರಾಂ ರಾಸಾಯನಿಕಕ್ಕೆ ಕರಗುವ ದುಃಖ ರಾಸಾಯನಿಕವೇ, ಅದರಿಂದ ಬರುವ ಶಾಂತಿಯೂ ರಾಸಾಯನಿಕವೇ, ಹಾಗಾದ ಮೇಲೆ ಋಷಿಗಳ ಸಮಾಧಿಯೂ ಶರಣರ ಬಯಲೂ ಮಿದುಳಿನ ಗ್ಲುಟಮೇಟ್ ಎಂಬ ರಾಸಾಯನಿಕದ ಏರಿಳಿತಕ್ಕಿಂತ ಹೆಚ್ಚಿನದೇನಲ್ಲ. ಎರಡನೆಯವರು ಹೇಳುವುದು: ಕೆಟಮಿನ್ ವಾಸಿಮಾಡುವುದು ‘ನಾನು’ ಎಂಬುದನ್ನು ಕರಗಿಸಿ ತೋರಿಸುವುದರಿಂದ, ಆದ್ದರಿಂದ ಇದು ಔಷಧಿಗಿಂತ ದೀಕ್ಷೆಗೆ ಹತ್ತಿರ, ಕ್ಲಿನಿಕ್ಕೇ ಹೊಸ ಕಾಲದ ಗುಹೆ. ಒಬ್ಬರದು ಧರ್ಮವನ್ನು ಔಷಧಿಗೆ ಇಳಿಸುವ ವಾದ, ಇನ್ನೊಬ್ಬರದು ಔಷಧಿಯನ್ನು ಧರ್ಮಕ್ಕೆ ಏರಿಸುವ ವಾದ. ಮೇಲುನೋಟಕ್ಕೆ ಎದುರುಬದುರಾದರೂ ಇಬ್ಬರೂ ನಿಂತಿರುವುದು ಒಂದೇ ನಂಬಿಕೆಯ ಮೇಲೆ: ಅನುಭವ ಎಲ್ಲಿಂದ ಬಂತು ಎಂಬುದು ಗೊತ್ತಾದರೆ ಅದರ ಬೆಲೆಯೂ ಗೊತ್ತಾಗುತ್ತದೆ ಎಂಬುದು ಆ ನಂಬಿಕೆ. ಅದು ತಪ್ಪು ಎಂಬುದು ನನ್ನ ವಾದ. ನೋವಿನಿಂದ ಬಿಡುಗಡೆ ಒಂದು, ‘ನಾನು’ವಿನಿಂದ ಬಿಡುಗಡೆ ಇನ್ನೊಂದು. ಕೆಟಮಿನ್ ಕೊಡಬಲ್ಲದ್ದು ಮೊದಲನೆಯದನ್ನು, ಅದೂ ಕೆಲವರಿಗೆ, ಕೆಲವು ಕಾಲ. ಅಷ್ಟರಿಂದ ಅದರ ಬೆಲೆ ಕಮ್ಮಿಯಾಗುವುದಿಲ್ಲ. ಎರಡನೆಯದಕ್ಕೆ ಅದರಿಂದ ಧಕ್ಕೆಯೂ ಇಲ್ಲ, ಪುರಾವೆಯೂ ಇಲ್ಲ.

ಮೊದಲು ರಸಾಯನವಾದಿಗಳ ಮಾತು. ಮನಸ್ಸು ದ್ರವ್ಯವನ್ನು ಅವಲಂಬಿಸಿದೆ ಎಂಬುದು ನಮ್ಮ ತತ್ತ್ವಚಿಂತನೆಗೆ ಆಘಾತ ತರುವ ಸುದ್ದಿಯೇ ಅಲ್ಲ. ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕ ತನ್ನ ಮಗ ಶ್ವೇತಕೇತುವಿಗೆ ಇದನ್ನು ಬಾಯಿಮಾತಿನಲ್ಲಿ ಹೇಳಿ ಬಿಡದೆ ಪ್ರಯೋಗ ಮಾಡಿಯೇ ತೋರಿಸುತ್ತಾನೆ. ಹದಿನೈದು ದಿನ ಊಟ ಬಿಡು, ನೀರು ಮಾತ್ರ ಕುಡಿ ಎನ್ನುತ್ತಾನೆ. ಹದಿನೈದು ದಿನ ಕಳೆದು ಬಂದ ಮಗನನ್ನು ವೇದ ಹೇಳು ಎಂದು ಕೇಳಿದರೆ, ಹನ್ನೆರಡು ವರ್ಷ ಗುರುಕುಲದಲ್ಲಿದ್ದು ಕಲಿತ ಒಂದು ಮಂತ್ರವೂ ಅವನಿಗೆ ಹೊಳೆಯುವುದಿಲ್ಲ. ಉಂಡು ಬಾ ಎಂದು ಕಳಿಸುತ್ತಾನೆ. ಉಂಡು ಬಂದವನು ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತಾನೆ. ಮನಸ್ಸು ಅನ್ನಮಯ ಎಂಬುದು ಅಲ್ಲಿನ ನಿರ್ಣಯ. ಅದೇ ಉಪನಿಷತ್ತು, ವೇದ ಅನ್ನದಿಂದ ಆದದ್ದು ಎಂದಾಗಲಿ, ಅನ್ನವೇ ವೇದದ ಅರ್ಥ ಎಂದಾಗಲಿ ಹೇಳಲು ಹೋಗುವುದಿಲ್ಲ. ಮಂತ್ರವನ್ನು ನೆನೆಯುವ ಸಾಮರ್ಥ್ಯಕ್ಕೆ ಅನ್ನ ಬೇಕು. ಮಂತ್ರ ನಿಜವೋ ಸುಳ್ಳೋ ಎಂಬುದನ್ನು ಅನ್ನ ತೀರ್ಮಾನಿಸಲಾರದು. ಸಾಂಖ್ಯರೂ ವೇದಾಂತಿಗಳೂ ಮನಸ್ಸನ್ನು ಜಡದ ಕಡೆಗೆ ಎಣಿಸಿದವರು. ಬುದ್ಧಿ, ಅಹಂಕಾರ ಎಲ್ಲವೂ ಅವರ ಲೆಕ್ಕದಲ್ಲಿ ಪ್ರಕೃತಿಯ ವಿಕಾರಗಳು. ಪತಂಜಲಿಯ ಯೋಗಸೂತ್ರದ ಕೊನೆಯ ಪಾದವಂತೂ ಸಿದ್ಧಿಗಳು ಹುಟ್ಟುವ ಐದು ದಾರಿಗಳಲ್ಲಿ ಮಂತ್ರ, ತಪಸ್ಸು, ಸಮಾಧಿಗಳ ಜೊತೆಗೇ ಔಷಧಿಯನ್ನೂ ಹೆಸರಿಸಿಬಿಡುತ್ತದೆ. ಕೆಟಮಿನ್ ಮಿದುಳಿನ ಎನ್‌ಎಂಡಿಎ ಗ್ರಾಹಕವನ್ನು ತಡೆಯುತ್ತದೆ ಎಂದು ತಿಳಿದೊಡನೆ ಆತ್ಮವಿಚಾರ ಕುಸಿದುಬೀಳಬೇಕು ಎನ್ನುವವರು, ಮನಸ್ಸನ್ನು ಗಾಳಿಯಲ್ಲಿ ತೇಲುವ ವಸ್ತುವೆಂದುಕೊಂಡ ಯಾವುದೋ ಧರ್ಮದ ಜೊತೆ ಜಗಳವಾಡುತ್ತಿದ್ದಾರೆ. ಉದ್ದಾಲಕನ ಜೊತೆ ಅವರಿಗೆ ಜಗಳವೇ ಇಲ್ಲ.

ಪಶ್ಚಿಮದಲ್ಲಿ ಇದೇ ಮಾತನ್ನು ಇನ್ನೊಂದು ಬದಿಯಿಂದ ಹೇಳಿದವನು ವಿಲಿಯಂ ಜೇಮ್ಸ್. ನೈಟ್ರಸ್ ಆಕ್ಸೈಡ್ ಸೇದಿ ಅದು ತೋರಿಸುವ ಲೋಕವನ್ನು ತಾನೇ ಕಂಡಿದ್ದ ಈ ತತ್ತ್ವಜ್ಞಾನಿ, ಧಾರ್ಮಿಕ ಅನುಭವಗಳ ವೈವಿಧ್ಯವನ್ನು ಕುರಿತ 1902ರ ತನ್ನ ಗ್ರಂಥದ ಮೊದಲ ಉಪನ್ಯಾಸದಲ್ಲೇ, ಸಂತ ಪೌಲನ ದರ್ಶನವನ್ನು ಅಪಸ್ಮಾರ ಎಂದು ಕರೆದು ಕೈತೊಳೆದುಕೊಳ್ಳುವ ವೈದ್ಯಕೀಯ ಜಡವಾದವನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. ಅವನ ವಾದ ಸರಳ. ನಾಸ್ತಿಕನ ಸಂಶಯವೂ ವಿಜ್ಞಾನಿಯ ಸೂತ್ರವೂ ಮಿದುಳಿನ ಯಾವುದೋ ಸ್ಥಿತಿಯಿಂದಲೇ ಬಂದಿರಬೇಕು. ಮೂಲ ತೋರಿಸಿ ಒಂದನ್ನು ತಳ್ಳಿಹಾಕುವುದಾದರೆ ಎಲ್ಲವನ್ನೂ ತಳ್ಳಿಹಾಕಬೇಕಾಗುತ್ತದೆ. ತಳ್ಳಿಹಾಕುವ ವಾದವನ್ನೂ ಸೇರಿಸಿ. ಅನುಭವಕ್ಕೆ ಬೆಲೆ ಕಟ್ಟಬೇಕಾದದ್ದು ಅದರ ಬೇರಿನಿಂದಲ್ಲ, ಅದು ಬಿಟ್ಟ ಫಲದಿಂದ ಎಂಬುದು ಅವನ ಒರೆಗಲ್ಲು. ಈ ಒರೆಗಲ್ಲನ್ನು ಕೆಟಮಿನ್ನಿನ ಭಕ್ತರು ಸಂತೋಷದಿಂದ ಎತ್ತಿಕೊಳ್ಳುತ್ತಾರೆ. ಆದರೆ ಅದನ್ನು ತಮ್ಮ ಮಾತಿಗೂ ಉಜ್ಜಿ ನೋಡಬೇಕಾಗುತ್ತದೆ ಎಂಬುದನ್ನು ಮರೆಯುತ್ತಾರೆ.

ಉಜ್ಜಿ ನೋಡೋಣ. ಡ್ರಿಪ್ ನಡೆಯುವಾಗ ಬರುವ ಕನಸಿನಂಥ ಸ್ಥಿತಿ, ಡ್ರಿಪ್ ನಿಂತ ಒಂದೆರಡು ಗಂಟೆಗಳಲ್ಲಿ ಅಳಿದುಹೋಗುತ್ತದೆ. ಖಿನ್ನತೆಯ ಇಳಿತ ಗಟ್ಟಿಯಾಗುವುದು ಅದರ ನಂತರ. ದರ್ಶನ ಮುಗಿದ ಮೇಲೆ, ಕಾಫಿ ಕುಡಿದು, ಬಿ.ಪಿ. ನೋಡಿಸಿಕೊಂಡು ಮನೆಗೆ ಹೊರಟವರಲ್ಲಿ ಉಪಶಮನ ಬೆಳೆಯುತ್ತಾ ಹೋಗುತ್ತದೆ. ಆ ಹೊತ್ತಿಗೆ ಮಿದುಳಿನೊಳಗೆ ಏನು ನಡೆದಿರಬಹುದು ಎಂಬುದಕ್ಕೆ ಇಲಿಗಳ ಅಧ್ಯಯನಗಳು ಒಂದು ಸುಳಿವು ಕೊಟ್ಟಿವೆ. 2019ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ದೀರ್ಘಕಾಲದ ಒತ್ತಡದಿಂದ ಇಲಿಯ ಮಿದುಳಿನ ಮುಂಭಾಗದ ನರಕೋಶಗಳಲ್ಲಿ ಅಳಿದುಹೋಗಿದ್ದ ಸಣ್ಣ ಸಂಪರ್ಕ-ಮುಳ್ಳುಗಳಲ್ಲಿ ಒಂದಷ್ಟು, ಕೆಟಮಿನ್ ಕೊಟ್ಟ ಮೇಲೆ ಮತ್ತೆ ಚಿಗುರುತ್ತವೆ. ನಡವಳಿಕೆಯ ಸುಧಾರಣೆ ಮೂರು ಗಂಟೆಯಲ್ಲೇ ಕಾಣುತ್ತದೆ, ಮುಳ್ಳುಗಳು ಮೂಡುವುದು ಹನ್ನೆರಡು ಗಂಟೆಯ ಸುಮಾರಿಗೆ. ಆದರೆ ಹೊಸ ಮುಳ್ಳುಗಳನ್ನು ಬೇಕೆಂದೇ ನಾಶಮಾಡಿದರೆ ಸುಧಾರಣೆ ಉಳಿಯುವುದಿಲ್ಲ. ಇಲಿಗೆ ದರ್ಶನವಾಯಿತೆಂದು ಹೇಳುವ ಧೈರ್ಯ ಯಾರಿಗೂ ಇರಲಾರದು. ಮನುಷ್ಯರಲ್ಲಿಯೂ ಮೊದಲು ಹೇಳಿದ ಪ್ರಶ್ನಾವಳಿಯ ಅಂಕಕ್ಕೂ ಖಿನ್ನತೆಯ ಇಳಿತಕ್ಕೂ ಸಂಬಂಧ ಕೆಲವು ಅಧ್ಯಯನಗಳಲ್ಲಿ ಕಂಡಿದೆ, ಹಲವುಗಳಲ್ಲಿ ಕಂಡಿಲ್ಲ. ‘ನಾನು’ ಕರಗಿದ್ದರಿಂದಲೇ ವಾಸಿಯಾಯಿತು ಎನ್ನುವುದಕ್ಕೆ ಇಷ್ಟು ಆಧಾರ ಸಾಲದು.

2023ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ಬಂದ ಒಂದು ಪ್ರಯೋಗ ಈ ವಿಷಯವನ್ನು ಇನ್ನೂ ಗೋಜಲಾಗಿಸಿತು, ಅದೇ ಕಾರಣಕ್ಕೆ ಇನ್ನೂ ಉಪಯುಕ್ತವೂ ಆಯಿತು. ಬೇರೆ ಕಾಯಿಲೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಿದ್ದ, ಖಿನ್ನತೆಯೂ ಇದ್ದ 40 ಮಂದಿಯಲ್ಲಿ, ಪೂರ್ಣ ಅರಿವಳಿಕೆಯಲ್ಲಿ ಮಲಗಿರುವಾಗ ಅರ್ಧದಷ್ಟು ಮಂದಿಗೆ ಕೆಟಮಿನ್, ಉಳಿದವರಿಗೆ ಬರೀ ಉಪ್ಪುನೀರು ಹನಿಸಲಾಯಿತು. ಯಾರಿಗೆ ಏನು ಸಿಕ್ಕಿತೆಂದು ಮಲಗಿದವರಿಗೆ ತಿಳಿಯುವ ದಾರಿಯೇ ಇರಲಿಲ್ಲ. ಎರಡೂ ಗುಂಪಿನವರ ಖಿನ್ನತೆ ಗಣನೀಯವಾಗಿ, ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿಯಿತು. ತಮಗೆ ಕೆಟಮಿನ್ನೇ ಸಿಕ್ಕಿದೆ ಎಂದು ಊಹಿಸಿದವರಲ್ಲಿ ಸುಧಾರಣೆ ಹೆಚ್ಚು ಕಂಡಿತು. ಎಚ್ಚರದ ಅನುಭವ ಇಲ್ಲದಿದ್ದಾಗ ಕೆಟಮಿನ್ನಿಗೆ ವಿಶೇಷ ಬಲವಿಲ್ಲ, ನೋಡಿ ಎಂದು ದರ್ಶನವಾದಿಗಳು ಇದನ್ನು ತಮ್ಮ ಕಡೆಗೆ ಎಳೆದುಕೊಳ್ಳಬಹುದು. ಆದರೆ ಉಪ್ಪುನೀರು ಪಡೆದವರಿಗೆ ದರ್ಶನವೂ ಇರಲಿಲ್ಲ, ಔಷಧಿಯೂ ಇರಲಿಲ್ಲ, ಆದರೂ ಅವರು ಚೇತರಿಸಿಕೊಂಡರು. ಹಾಗಾಗಿ ಇಳಿತಕ್ಕೆ ದರ್ಶನ ಅನಿವಾರ್ಯವೆಂಬ ವಾದ ಇಲ್ಲಿ ನಿಲ್ಲುವುದಿಲ್ಲ. ರಸಾಯನವಾದಿಗಳಿಗೂ ಇಲ್ಲಿ ಸಮಾಧಾನವಿಲ್ಲ. ಅವರು ನೆಚ್ಚಿಕೊಂಡ ರಾಸಾಯನಿಕ ಈ ಪ್ರಯೋಗದಲ್ಲಿ ಉಪ್ಪುನೀರನ್ನು ಮೀರಲಿಲ್ಲ.

ದರ್ಶನವಾದಿಗಳ ಎರಡನೆಯ ನೆಲೆ ಇನ್ನೂ ಆಳವಾದದ್ದು. ಚಿಕಿತ್ಸೆಯ ಮಾತು ಹಾಗಿರಲಿ, ಆ ನಲವತ್ತು ನಿಮಿಷದಲ್ಲಿ ‘ನಾನು’ ಇಲ್ಲದ ಸ್ಥಿತಿಯೊಂದನ್ನು ಕಂಡದ್ದಂತೂ ನಿಜ, ಅದು ಜ್ಞಾನವಲ್ಲವೆ ಎಂದು ಅವರು ಕೇಳಬಹುದು. ಇದಕ್ಕೆ ಉತ್ತರ ಹುಡುಕಲು ಪ್ರಯೋಗಶಾಲೆಗೆ ಹೋಗಬೇಕಿಲ್ಲ. ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದಲ್ಲಿ ಮೂರ್ಛೆಯನ್ನು ಕುರಿತ ಒಂದು ಪುಟ್ಟ ವಿಚಾರಣೆ ಇದೆ. ಎಚ್ಚರ, ಕನಸು, ನಿದ್ದೆ, ಸಾವು ಈ ನಾಲ್ಕರಲ್ಲಿ ಮೂರ್ಛೆ ಎಲ್ಲಿ ಸೇರುತ್ತದೆ ಎಂಬ ಪ್ರಶ್ನೆ. ಶಂಕರರು ತಮ್ಮ ಭಾಷ್ಯದಲ್ಲಿ ನಿದ್ದೆ ಹೋದವನನ್ನೂ ಮೂರ್ಛೆ ಹೋದವನನ್ನೂ ಅಕ್ಕಪಕ್ಕ ಮಲಗಿಸಿ ನೋಡಿದ ಹಾಗೆ ವಿವರಿಸುತ್ತಾರೆ. ನಿದ್ದೆಯಲ್ಲಿರುವವನ ಮುಖ ಪ್ರಸನ್ನ, ಕಣ್ಣು ಮುಚ್ಚಿದೆ, ಉಸಿರಿಗೆ ಲಯವಿದೆ, ಕೈಯಿಂದ ಮೃದುವಾಗಿ ತಟ್ಟಿದರೂ ಏಳುತ್ತಾನೆ. ಮೂರ್ಛೆಯಲ್ಲಿರುವವನ ಮುಖ ವಿಕಾರ, ಕಣ್ಣು ತೆರೆದೇ ಇದೆ, ಮೈ ನಡುಗುತ್ತದೆ, ದೊಣ್ಣೆಯಿಂದ ಹೊಡೆದರೂ ಏಳುವುದಿಲ್ಲ. ಒಂದಕ್ಕೆ ಕಾರಣ ದಣಿವು, ಇನ್ನೊಂದಕ್ಕೆ ಹೊರಗಿನಿಂದ ಬಿದ್ದ ಪೆಟ್ಟು. ಕೊನೆಗೆ ಮೂರ್ಛೆಯನ್ನು ಅರ್ಧ ಮಾತ್ರ ಸಂಪನ್ನವಾದ ಸ್ಥಿತಿ ಎಂದು ಬೇರೆಯಾಗಿಯೇ ಇಡುತ್ತಾರೆ. ಪೂರ್ಣ ಪ್ರಮಾಣದ ಕೆಟಮಿನ್ ಪಡೆದವರೂ ಕಣ್ಣು ತೆರೆದೇ ಇರುತ್ತಾರೆ, ಕಣ್ಣುಗುಡ್ಡೆ ಅತ್ತಿತ್ತ ತೊನೆಯುತ್ತಿರುತ್ತದೆ, ಚಾಕು ತಾಗಿದರೂ ತಿಳಿಯುವುದಿಲ್ಲ. ಶಂಕರರಿಗೆ ಕೆಟಮಿನ್ ಗೊತ್ತಿತ್ತು ಎಂದು ಇದರ ಅರ್ಥವಲ್ಲ. ‘ನಾನು’ ಕಾಣೆಯಾಗುವ ಸ್ಥಿತಿಗಳು ಹಲವು, ಕಾಣೆಯಾದದ್ದರಿಂದಲೇ ಅವು ಸಮಾನವಾಗುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಗಾಢನಿದ್ದೆಯಲ್ಲಿ ಎಲ್ಲರ ಅಹಂಕಾರವೂ ದಿನಾ ರಾತ್ರಿ ಅಡಗುತ್ತದೆ. ಬೆಳಗ್ಗೆ ಎದ್ದವನು ನಿನ್ನೆಯ ಸಾಲವನ್ನೂ ನಿನ್ನೆಯ ಸಿಟ್ಟನ್ನೂ ಹೊತ್ತುಕೊಂಡೇ ಏಳುತ್ತಾನೆ. ಅಜ್ಞಾನದ ಬೀಜ ಹಾಗೆಯೇ ಉಳಿದಿತ್ತು ಎನ್ನುತ್ತದೆ ವೇದಾಂತ. ಎಚ್ಚೆತ್ತ ಮೇಲೆ ಬಾಳನ್ನು ಬದಲಿಸದ ಅಳಿವು ಜ್ಞಾನವಲ್ಲ.

ಕನ್ನಡದ ಶೂನ್ಯಸಂಪಾದನೆಯಲ್ಲಿ ಇದೇ ತಕರಾರು ಕತೆಯಾಗಿ ಬರುತ್ತದೆ. ಸಾಧನೆಯಿಂದ ವಜ್ರದಂಥ ದೇಹ ಪಡೆದ ಗೋರಕ್ಷ ಅಲ್ಲಮನಿಗೆ ಎದುರಾಗುತ್ತಾನೆ. ಅವನ ಮೈಗೆ ಕತ್ತಿಯಿಂದ ಹೊಡೆದರೆ ಲೋಹಕ್ಕೆ ಹೊಡೆದಂತೆ ಖಣಿಲೆನ್ನುತ್ತದೆ, ಗಾಯವಾಗುವುದಿಲ್ಲ. ಅಲ್ಲಮನಿಗೆ ಹೊಡೆದರೆ ಕತ್ತಿ ಬಯಲಲ್ಲಿ ಬೀಸಿದ ಹಾಗೆ ಹಾಯ್ದುಹೋಗುತ್ತದೆ. ಗೋರಕ್ಷನ ಸಿದ್ಧಿ ಸುಳ್ಳೆಂದು ಅಲ್ಲಿ ಯಾರೂ ಹೇಳುವುದಿಲ್ಲ. ಸಿದ್ಧಿ ನಿಜ, ಆದರೆ ಅದು ‘ನಾನು’ವನ್ನು ಕರಗಿಸುವ ಬದಲು ಗಟ್ಟಿ ಮಾಡಿದೆ ಎಂಬುದೇ ಆಕ್ಷೇಪ. ಅಸಾಧಾರಣ ಸ್ಥಿತಿಗಳ ಬಗ್ಗೆ ಶರಣರಿಗೆ ಇದ್ದ ಒರೆಗಲ್ಲು ನಡೆ: ಕಂಡವನು ಕಾಯಕದಲ್ಲಿ, ದಾಸೋಹದಲ್ಲಿ, ಕಂಡವರ ಜೊತೆಗಿನ ವ್ಯವಹಾರದಲ್ಲಿ ಹೇಗಿದ್ದಾನೆ? ಕೆಟಮಿನ್ನಿನ ಇತಿಹಾಸದಲ್ಲಿ ಈ ಒರೆಗಲ್ಲಿಗೆ ತಕ್ಕ ಉದಾಹರಣೆ ಜಾನ್ ಲಿಲ್ಲಿ. ಡಾಲ್ಫಿನ್‌ಗಳ ಸಂಶೋಧನೆಯಿಂದ, ಕತ್ತಲೆಯ ನೀರಿನ ತೊಟ್ಟಿಯಲ್ಲಿ ತೇಲಿಸಿ ಇಂದ್ರಿಯಗಳನ್ನು ಮೌನವಾಗಿಸುವ ಪ್ರಯೋಗದಿಂದ ಹೆಸರಾಗಿದ್ದ ಈ ವಿಜ್ಞಾನಿ 1970ರ ದಶಕದಲ್ಲಿ ಕೆಟಮಿನ್ನನ್ನು ಮತ್ತೆ ಮತ್ತೆ ಚುಚ್ಚಿಕೊಂಡ. ಭೂಮಿಯ ಆಕಸ್ಮಿಕಗಳನ್ನೆಲ್ಲ ಅನ್ಯಲೋಕದ ಶಕ್ತಿಗಳ ಆಡಳಿತ ಕಚೇರಿಯೊಂದು ನಡೆಸುತ್ತಿದೆ ಎಂದು ನಂಬಿದ. ಒಮ್ಮೆ ನೀರಿನಲ್ಲಿ ಮುಳುಗಿ ಸಾಯುವ ಹಂತಕ್ಕೂ ಹೋದ. ‘ನಾನು’ ಕರಗುವ ಸ್ಥಿತಿಯನ್ನು ಅವನಷ್ಟು ಸಲ ಕಂಡವರು ವಿರಳ. ಕಂಡದ್ದು ಅವನನ್ನು ಬಿಡುಗಡೆಗಿಂತ ಹೆಚ್ಚಾಗಿ ಇನ್ನೊಂದು ಡೋಸಿನ ಕಡೆಗೆ ಕರೆದೊಯ್ದಿತು.

ಈಗ ಧಾರ್ಮಿಕರ ಕಡೆಯಿಂದ ಬರುವ ಆಕ್ಷೇಪ. ದುಃಖಕ್ಕೆ ಅರ್ಥವಿದೆ, ಅದು ಕರ್ಮದ ಫಲ ಅಥವಾ ಮನುಷ್ಯನನ್ನು ಮಾಗಿಸುವ ತಪಸ್ಸು. ಅರ್ಜುನನ ವಿಷಾದವೇ ಗೀತೆಗೆ ಬಾಗಿಲಾಯಿತಲ್ಲ, ಅವನಿಗೂ ಒಂದು ಡ್ರಿಪ್ ಹಾಕಿದ್ದರೆ ಗೀತೆ ಹುಟ್ಟುತ್ತಿತ್ತೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಚುರುಕಾಗಿದೆ, ಹೋಲಿಕೆ ಸರಿಯಿಲ್ಲ. ಅರ್ಜುನನ ವಿಷಾದಕ್ಕೆ ವಿಷಯವಿದೆ, ಅವನು ವಾದಿಸುತ್ತಾನೆ, ಕಾರಣ ಕೊಡುತ್ತಾನೆ, ಕೇಳುತ್ತಾನೆ, ಉತ್ತರ ತಲೆಗೆ ಹೋಗದಿದ್ದಾಗ ಮತ್ತೆ ಕೇಳುತ್ತಾನೆ. ತೀವ್ರ ಖಿನ್ನತೆ ಕಿತ್ತುಕೊಳ್ಳುವುದು ಇದೇ ಶಕ್ತಿಯನ್ನು. ಹಾಸಿಗೆಯಿಂದ ಎದ್ದು ಹಲ್ಲುಜ್ಜುವುದೇ ಬೆಟ್ಟವಾದವರಿಗೆ, ಮಗು ಕರೆದರೂ ಏನೂ ಅನ್ನಿಸದವರಿಗೆ ಹದಿನೆಂಟು ಅಧ್ಯಾಯ ಹೇಳಿ ಪ್ರಯೋಜನವಿಲ್ಲ. ಅವರ ಶ್ವೇತಕೇತು ಉಪವಾಸದ ಹದಿನೈದನೆಯ ದಿನದಲ್ಲಿದ್ದಾನೆ. ಮಾಗಿಸುವ ದುಃಖವೂ ಇದೆ, ಮಾಗುವ ಶಕ್ತಿಯನ್ನೇ ತಿಂದುಹಾಕುವ ರೋಗವೂ ಇದೆ. ಚರಕಸಂಹಿತೆ ಚಿಕಿತ್ಸೆಯನ್ನು ಮೂರಾಗಿ ವಿಂಗಡಿಸುವಾಗ ಮಂತ್ರ-ಹೋಮಗಳ ದೈವವ್ಯಪಾಶ್ರಯವನ್ನೂ, ಆಹಾರ-ಔಷಧಗಳ ಯುಕ್ತಿವ್ಯಪಾಶ್ರಯವನ್ನೂ, ಮನಸ್ಸನ್ನು ಕೆಟ್ಟ ವಿಷಯಗಳಿಂದ ಹಿಡಿದು ನಿಲ್ಲಿಸುವ ಸತ್ತ್ವಾವಜಯವನ್ನೂ ಜೊತೆಯಲ್ಲೇ ಇರಿಸಿತು. ಔಷಧಿ ತೆಗೆದುಕೊಂಡರೆ ಕರ್ಮಸಿದ್ಧಾಂತಕ್ಕೆ ಅವಮಾನ ಎಂದು ಆ ಗ್ರಂಥಕ್ಕೆ ಅನ್ನಿಸಲಿಲ್ಲ. ರಮಣ ಮಹರ್ಷಿಗಳು ತಮ್ಮ ಕೊನೆಯ ದಿನಗಳಲ್ಲಿ ತೋಳಿನ ಕ್ಯಾನ್ಸರ್ ಗಡ್ಡೆಗೆ ಒಂದಲ್ಲ, ನಾಲ್ಕು ಶಸ್ತ್ರಚಿಕಿತ್ಸೆಗಳಿಗೆ ಮೈಯೊಡ್ಡಿದರು. ಅದರಿಂದ ಅವರ ಜ್ಞಾನ ಕುಂದಿತೆಂದು ಹೇಳಿದವರಿಲ್ಲ. ತೋಳಿನ ಗಡ್ಡೆಗೆ ಕೊಟ್ಟ ರಿಯಾಯಿತಿಯನ್ನು ಮಿದುಳಿನ ಕಾಯಿಲೆಗೆ ಕೊಡದಿರುವುದಕ್ಕೆ ಧರ್ಮದಲ್ಲಿ ಆಧಾರವಿಲ್ಲ. ಅದು ಬರೀ ಲೋಕದ ನಾಚಿಕೆ.

ಸ್ಟ್ಯಾನ್‌ಫರ್ಡ್ ಪ್ರಯೋಗದಿಂದಲೇ ಇನ್ನೊಂದು ಆಕ್ಷೇಪ ಹುಟ್ಟುತ್ತದೆ: ಇದೆಲ್ಲ ನಿರೀಕ್ಷೆಯ ಆಟವಾದರೆ, ವಿಭೂತಿ ಮಂತ್ರಿಸಿ ಕೊಟ್ಟರೂ ಸಾಕಲ್ಲವೆ? ಸಾಕ್ಷ್ಯ ಅಷ್ಟು ದೂರ ಹೋಗುವುದಿಲ್ಲ. 2013ರ ಅಧ್ಯಯನವೊಂದರಲ್ಲಿ 73 ರೋಗಿಗಳಲ್ಲಿ ಕೆಲವರಿಗೆ ಕೆಟಮಿನ್ನನ್ನೂ ಉಳಿದವರಿಗೆ ಮಂಪರು ತರುವ ಮಿಡಜೊಲಾಮ್ ಎಂಬ ಬೇರೊಂದು ಔಷಧಿಯನ್ನೂ ಕೊಟ್ಟು ನೋಡಲಾಯಿತು. ಎರಡರಲ್ಲೂ ಏನೋ ಆಗುತ್ತಿದೆ ಎಂಬ ಭಾವ ಬರುವುದರಿಂದ ಹೋಲಿಕೆ ಉಪ್ಪುನೀರಿಗಿಂತ ನ್ಯಾಯವಾದದ್ದು. ಒಂದು ದಿನದ ನಂತರ ಕೆಟಮಿನ್ ಪಡೆದವರಲ್ಲಿ ಶೇ. 64, ಮಿಡಜೊಲಾಮ್ ಪಡೆದವರಲ್ಲಿ ಶೇ. 28 ಮಂದಿ ಸುಧಾರಿಸಿದ್ದರು. ಆತ್ಮಹತ್ಯೆಯ ಆಲೋಚನೆಯಿಂದ ನರಳುತ್ತಿದ್ದ 156 ಮಂದಿಯ ಫ್ರಾನ್ಸಿನ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಮೂರನೆಯ ದಿನ ಕೆಟಮಿನ್ ಗುಂಪಿನ ಶೇ. 63ರಷ್ಟು ಮಂದಿಯಲ್ಲಿ ಆ ಆಲೋಚನೆ ತೊಲಗಿತ್ತು, ಇನ್ನೊಂದು ಗುಂಪಿನಲ್ಲಿ ಸುಮಾರು ಶೇ. 32ರಲ್ಲಿ. ಆರು ವಾರದ ಹೊತ್ತಿಗೆ ಎರಡೂ ಗುಂಪುಗಳ ಅಂತರ ಬಹುಮಟ್ಟಿಗೆ ಕರಗಿತ್ತು. ಔಷಧಿಗೆ ತನ್ನದೇ ಬಲವಿದೆ, ನಿರೀಕ್ಷೆಗೂ ಬಲವಿದೆ ಎಂಬುದೇ ಇವುಗಳನ್ನೆಲ್ಲ ಜೋಡಿಸಿದರೆ ನಿಲ್ಲುವ ತೀರ್ಮಾನ. ನಿರೀಕ್ಷೆಯನ್ನು ಹೀಗಳೆಯುವುದೂ ಸರಿಯಲ್ಲ. ನಾಳೆ ಇವತ್ತಿಗಿಂತ ಬೇರೆಯಾಗಿರಬಹುದೆಂದು ನಂಬಲಾಗದಿರುವುದೇ ಖಿನ್ನತೆಯ ತಿರುಳು. ಆದರೆ ನಿರೀಕ್ಷೆಗೆ ಅಷ್ಟು ಬಲವಿರುವುದರಿಂದಲೇ ಅದನ್ನು ಮಾರುವವರ ಮೇಲೆ ಕಣ್ಣಿಡಬೇಕಾಗುತ್ತದೆ.

ಮೂರನೆಯ ಆಕ್ಷೇಪ ಸೂಕ್ಷ್ಮವಾದದ್ದು: ದುಡಿಯದೆ ಬಂದ ಶಾಂತಿ ನಮ್ಮದಾಗುವುದು ಹೇಗೆ, ಔಷಧಿ ಕೊಟ್ಟ ಮನಸ್ಸು ನನ್ನ ಮನಸ್ಸೇ? ಈ ಪ್ರಶ್ನೆಯ ಒಳಗೆ ಒಂದು ಊಹೆ ಅಡಗಿದೆ. ಖಿನ್ನತೆಯಲ್ಲಿರುವ ‘ನಾನು’ವೇ ಅಸಲಿ, ಔಷಧಿಯಿಂದ ಎದ್ದ ‘ನಾನು’ ನಕಲಿ ಎಂಬ ಊಹೆ. ತಾನು ಯಾರಿಗೂ ಬೇಡದವನು, ತಾನಿಲ್ಲದಿದ್ದರೆ ಮನೆಯವರು ಸುಖವಾಗಿರುತ್ತಾರೆ ಎಂಬ ಮಾತು ರೋಗದ ಬಾಯಿಂದ ಬರುತ್ತದೆ. ಅದನ್ನು ಆ ವ್ಯಕ್ತಿಯ ಸತ್ಯವೆಂದು ಒಪ್ಪಿಕೊಳ್ಳುವುದು ಕ್ರೌರ್ಯ. ದುಡಿಮೆಯ ಮಾತಿನಲ್ಲಿ ಮಾತ್ರ ಹುರುಳಿದೆ. ಶಾಂತಿಯನ್ನು ನಮ್ಮದಾಗಿಸಿಕೊಳ್ಳುವುದು ಅದು ಬಂದ ಕ್ಷಣದಲ್ಲಲ್ಲ, ಬಂದ ಮೇಲಿನ ದಿನಗಳಲ್ಲಿ. ಮುರಿದ ಕಾಲಿಗೆ ಹಾಕಿದ ಪ್ಲಾಸ್ಟರ್ ಮೂಳೆಯನ್ನು ಹಿಡಿದಿಡುತ್ತದೆ, ನಡೆಯುವುದನ್ನು ಮತ್ತೆ ಕಲಿಯಬೇಕಾದವನು ಕಾಲಿನವನೇ. ನೋವಿನ ಕಾಯಿಲೆಯಲ್ಲಿ ಇದು ಅಂಕಿಯಾಗಿಯೇ ಕಂಡಿದೆ. ಕೈಕಾಲು ಬೆಂಕಿಯಂತೆ ಉರಿಯುವ ಸಿಆರ್‌ಪಿಎಸ್ ಎಂಬ ನರಸಂಬಂಧಿ ಕಾಯಿಲೆಯ 60 ಮಂದಿಗೆ ನೆದರ್ಲೆಂಡ್ಸಿನ ಲೈಡನ್‌ನಲ್ಲಿ ನಾಲ್ಕು ದಿನಕ್ಕೂ ಹೆಚ್ಚು ಕಾಲ ಬಿಡದೆ ಡ್ರಿಪ್ ಹಾಕಿ ನೋಡಿದ ಅಧ್ಯಯನ 2009ರಲ್ಲಿ ಬಂತು. ಕೆಟಮಿನ್ ಪಡೆದವರ ನೋವು ವಾರಗಟ್ಟಲೆ ತಗ್ಗಿತು, ಹನ್ನೆರಡನೆಯ ವಾರಕ್ಕೆ ಲಾಭ ಮುಗಿದಿತ್ತು. ಕೈಕಾಲಿನ ಕೆಲಸ ಮಾಡುವ ಶಕ್ತಿ ಮಾತ್ರ ಆ ಅವಧಿಯಲ್ಲಿ ಸುಧಾರಿಸಲಿಲ್ಲ. ನೋವು ಇಳಿದದ್ದು ನಿಜವಾದ ವರ. ಬದುಕು ಮರಳಿ ಬರುವುದು ಇನ್ನೊಂದು ಕೆಲಸ.

ಇಷ್ಟನ್ನು ಒಪ್ಪಿದರೆ ವೈದ್ಯರಿಗೂ ಧರ್ಮದವರಿಗೂ ಬೇರೆ ಬೇರೆ ಹೊಣೆ ಬೀಳುತ್ತದೆ. ಮನೋರೋಗಕ್ಕೆ ಡ್ರಿಪ್ ರೂಪದ ಕೆಟಮಿನ್ನನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈವರೆಗೆ ಅನುಮೋದಿಸಿಲ್ಲ. 2019ರಲ್ಲಿ ಅದು ಒಪ್ಪಿದ್ದು ಮೂಗಿಗೆ ಸಿಂಪಡಿಸುವ ಎಸ್ಕೆಟಮಿನ್ನನ್ನು, ಅದೂ ಆಸ್ಪತ್ರೆ ಅಥವಾ ಕ್ಲಿನಿಕ್ಕಿನಲ್ಲಿ ಎರಡು ಗಂಟೆ ಕಣ್ಗಾವಲಿನಲ್ಲಿ ಇರಿಸಿಕೊಳ್ಳಬೇಕೆಂಬ ಷರತ್ತಿನ ಮೇಲೆ. 2023ರಲ್ಲಿ 403 ರೋಗಿಗಳ ಪ್ರಯೋಗವೊಂದು, ಭ್ರಮೆಗಳಿಲ್ಲದ ಹಠಮಾರಿ ಖಿನ್ನತೆಯಲ್ಲಿ ಕೆಟಮಿನ್ ಡ್ರಿಪ್ ಶಾಕ್ ಚಿಕಿತ್ಸೆಗೆ ಕಡಿಮೆಯಿಲ್ಲ ಎಂದು ತೋರಿಸಿತು: ಸುಧಾರಿಸಿದವರು ಕೆಟಮಿನ್ ಗುಂಪಿನಲ್ಲಿ ಶೇ. 55.4, ಶಾಕ್ ಚಿಕಿತ್ಸೆಯ ಗುಂಪಿನಲ್ಲಿ ಶೇ. 41.2. ಇದು ದೊಡ್ಡ ಮಾತು. ಅದೇ ವರ್ಷ ನಟ ಮ್ಯಾಥ್ಯೂ ಪೆರಿ ಕೆಟಮಿನ್ನಿನ ತೀವ್ರ ಪರಿಣಾಮದಿಂದ ತೀರಿಕೊಂಡದ್ದೂ ದಾಖಲಾಗಿದೆ. ಅವರು ಖಿನ್ನತೆಗೆ ಕೆಟಮಿನ್ ಚಿಕಿತ್ಸೆ ಪಡೆದಿದ್ದವರು, ಆದರೆ ಸಾವಿಗೆ ಕಾರಣವಾದದ್ದು ಆ ಚಿಕಿತ್ಸೆಯ ಡೋಸ್ ಅಲ್ಲ. ಚಟವಾಗಿ ಬಳಸಿದವರ ಮೂತ್ರಕೋಶ ಹಾಳಾಗುವುದು ವೈದ್ಯಲೋಕಕ್ಕೆ ಚೆನ್ನಾಗಿ ಗೊತ್ತು. ಭಾರತ 2011ರಲ್ಲಿ ಇದನ್ನು ಮಾದಕವಸ್ತು ಕಾಯ್ದೆಯ ಪಟ್ಟಿಗೆ ಸೇರಿಸಿತು. ಇಂಥ ಔಷಧಿಯನ್ನು ‘ಆತ್ಮಯಾತ್ರೆ’ ಎಂಬ ಹೆಸರಿನಲ್ಲಿ ಮೃದು ದೀಪ, ತಂಬೂರಿ ನಾದದ ಜೊತೆ ಮಾರುವವರು ಎರಡು ತಪ್ಪು ಒಟ್ಟಿಗೆ ಮಾಡುತ್ತಾರೆ. ಕಾಯಿಲೆಯವನಿಗೆ ಮೋಕ್ಷದ ಆಸೆ ತೋರಿಸುತ್ತಾರೆ, ಮುಂದಿನ ವಾರ ಮೋಡ ಕವಿದಾಗ ತನ್ನ ಸಾಧನೆಯೇ ಸೋತಿತೆಂಬ ಹೊಸ ಅಪರಾಧಭಾವವನ್ನೂ ಅವನ ತಲೆಗೆ ಕಟ್ಟುತ್ತಾರೆ.

ಧರ್ಮದವರ ಹೊಣೆ ಇದಕ್ಕಿಂತ ಹಗುರಲ್ಲ. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಸುಮಾರು ಇಪ್ಪತ್ತಕ್ಕೆ ಒಬ್ಬರು ಜೀವಮಾನದಲ್ಲಿ ಖಿನ್ನತೆಗೆ ಒಳಗಾದವರು. ಅವರಲ್ಲಿ ಬಹುಪಾಲು ಮಂದಿಗೆ ಚಿಕಿತ್ಸೆ ಸಿಕ್ಕಿಲ್ಲ. ಅವರಲ್ಲಿ ಎಷ್ಟೋ ಮಂದಿ ಆಸ್ಪತ್ರೆಗಿಂತ ಮೊದಲು ಹೋಗುವುದು ದೇವಸ್ಥಾನಕ್ಕೆ, ದರ್ಗಾಕ್ಕೆ, ಚರ್ಚಿಗೆ, ಮಠಕ್ಕೆ. ಅಲ್ಲಿ ಅವರಿಗೆ ಕರ್ಮದ ಲೆಕ್ಕ ಒಪ್ಪಿಸುವ ಬದಲು ವೈದ್ಯರ ಹತ್ತಿರ ಹೋಗಿ ಎಂದು ಹೇಳುವುದು ಮೊದಲ ಕೆಲಸ. ಎರಡನೆಯದು ವೈದ್ಯರ ಕೈಯಲ್ಲಿಲ್ಲದ ಕೆಲಸ. 2006ರ ಆ ಅಂಕಿಗಳಿಗೆ ಮರಳಿದರೆ, ಮೊದಲ ದಿನ ಎದ್ದು ಕುಳಿತವರಲ್ಲಿ ಅರ್ಧದಷ್ಟು ಮಂದಿ ವಾರದೊಳಗೆ ಮತ್ತೆ ಕುಸಿದಿದ್ದರು. ಔಷಧಿ ಒಬ್ಬ ಮನುಷ್ಯನಿಗೆ ಯೋಚಿಸಲು, ಅಳಲು, ಕ್ಷಮೆ ಕೇಳಲು, ಪ್ರಾರ್ಥಿಸಲು, ಸಹಾಯ ಕೇಳಲು ಏಳು ದಿನದ ಶಕ್ತಿಯನ್ನು ಮರಳಿಸಬಹುದು. ಆ ಏಳು ದಿನ ಅವನ ಜೊತೆ ಕುಳಿತು ಮಾತಾಡುವವರು, ಕೆಲಸಕ್ಕೆ ಕರೆದುಕೊಳ್ಳುವವರು, ಎಂಟನೆಯ ದಿನ ಅವನು ಮತ್ತೆ ಮಂಕಾದರೆ ನೀನು ಸೋತೆ ಎನ್ನದೆ ಇನ್ನೊಮ್ಮೆ ಆಸ್ಪತ್ರೆಗೆ ಕರೆದೊಯ್ಯುವವರು ಯಾರು ಎಂಬುದಕ್ಕೆ ಯಾವ ಸಿರಿಂಜಿನಲ್ಲೂ ಉತ್ತರವಿಲ್ಲ. ಸಂಘ, ಸತ್ಸಂಗ, ಸಭೆ ಎಂದು ಎಲ್ಲ ಧರ್ಮಗಳೂ ಕಟ್ಟಿಕೊಂಡದ್ದು ಇಂಥ ಹೊತ್ತಿಗಾಗಿಯೇ. ಡ್ರಿಪ್ಪಿನಲ್ಲಿ ಕಂಡದ್ದು ದೇವರೋ ಗ್ಲುಟಮೇಟೋ ಎಂಬ ತರ್ಕವನ್ನು ಪಂಡಿತರು ಇನ್ನೂ ನೂರು ವರ್ಷ ನಡೆಸಲಿ, ಅಡ್ಡಿಯಿಲ್ಲ. ಧರ್ಮ ಪರೀಕ್ಷೆಗೆ ಒಳಗಾಗುವುದು ಆ ತರ್ಕದಲ್ಲಲ್ಲ, ಎಂಟನೆಯ ದಿನದ ಹಾಜರಿಯಲ್ಲಿ.